ಹಸಿರು ಬಳೆಯ ಕೊಟ್ರಮ್ಮ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುವುದಕ್ಕೂ ರಕ್ತದ ಒಪ್ಪಿಗೆ ಬೇಕು ಎಂಬ ಕಾಯಿದೆ ಬಂದ ವರ್ಷ, ಊರಿನ ಅರ್ಧದಷ್ಟು ಗಂಡಸರು ಇನ್ನು ಬದುಕಿ ಏನು ಪ್ರಯೋಜನ ಎಂದು ಬಹಿರಂಗವಾಗಿಯೇ ಮಾತಾಡಿಕೊಂಡರು. ಉಳಿದರ್ಧ ಹರಿಹರದ ಕಡೆ ಮನೆ ಹುಡುಕಿದರು. ಅಷ್ಟರಲ್ಲಿ ಕಾಯಿದೆ ಹರಿಹರಕ್ಕೂ ಬಂತು.

ತಂದದ್ದು ಹೃದಯರಕ್ಷಾ ಮಂಡಳಿ. ವಯಸ್ಸಿಗೆ ಬಂದ ಪ್ರತಿಯೊಬ್ಬರ ಎಡಗೈಗೂ ಮಂಡಳಿಯವರು ಒಂದು ಬಳೆ ತೊಡಿಸಿದರು. ತೆಳ್ಳಗಿನ ಬೂದು ಬಣ್ಣದ ಬಳೆ. ಅದರ ಒಳಮೈಯಿಂದ ಒಂದು ಸಣ್ಣ ಬೆಳಕು ಚರ್ಮ ದಾಟಿ ರಕ್ತನಾಳದೊಳಕ್ಕೆ ಹೋಗಿ, ಅಲ್ಲಿ ಹರಿಯುವ ಕೊಬ್ಬಿನ ಕಣಗಳಿಗೆ ಬಡಿದು ಚದುರಿ ವಾಪಸು ಬರುತ್ತಿತ್ತು. ಎಷ್ಟು ಚದುರಿತು ಎಂಬುದನ್ನು ನೋಡಿ ಬಳೆ ಕೊಲೆಸ್ಟ್ರಾಲನ್ನು ಅಂದಾಜು ಮಾಡುತ್ತಿತ್ತು. ಕಡಿಮೆ ಇದ್ದರೆ ಮೇಲಿನ ಹರಳು ಹಸಿರು, ಮಧ್ಯಮವಾದರೆ ಹಳದಿ, ಹೆಚ್ಚಾದರೆ ಕೆಂಪು. ಅಂಚಿನಲ್ಲಿ ಆಂಬುಲೆನ್ಸ್ ಕರೆಯಲು ಒಂದು ತುರ್ತು ಗುಂಡಿಯೂ ಇತ್ತು. ಹೋಟೆಲುಗಳ ಗಲ್ಲಾದ ಪಕ್ಕದಲ್ಲಿ ಒಂದು ಯಂತ್ರದ ಕಣ್ಣು ಕೂತಿತು. ಅದಕ್ಕೆ ಬಳೆ ತೋರಿಸಬೇಕು. ಹಸಿರಿನವರಿಗೆ ಬೆಣ್ಣೆ ತೇಲುವ ದೋಸೆ, ಹಳದಿಯವರಿಗೆ ಬೆಣ್ಣೆ ಸವರಿದ ದೋಸೆ, ಕೆಂಪಿನವರಿಗೆ ಬೆಣ್ಣೆಯ ಹೆಸರಷ್ಟೇ ಇರುವ ದೋಸೆ.

ಮೋಟಾರ್ ರೀವೈಂಡಿಂಗ್ ಅಂಗಡಿಯ ಹಾಲೇಶಪ್ಪನ ಬಳೆ ತೊಡಿಸಿದ ಗಳಿಗೆಯಲ್ಲೇ ಕೆಂಪಾಯಿತು. ತೊಡಿಸಿದವನು ಬಳೆ ಕೆಟ್ಟಿದೆಯೆಂದು ಇನ್ನೊಂದು ತೊಡಿಸಿದ. ಅದು ಇನ್ನೂ ಕೆಂಪಾಯಿತು. ಆಮೇಲೆ ಹಾಲೇಶಪ್ಪನ ಹೆಂಡತಿ ಕೊಟ್ರಮ್ಮ ಕೈ ಚಾಚಿದಳು. ಊದಿದ ಮಣಿಕಟ್ಟಿನ ಮೇಲೆ ಏರಲು ಬಳೆ ತುಸು ತಿಣುಕಿತು. ಏರಿದ ಮೇಲೆ ಮಾತ್ರ ಎಂಥ ಹಸಿರು! ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆಯಲ್ಲಿ ಭತ್ತದ ಸಸಿ ಮೇಲೇಳುತ್ತದಲ್ಲ, ಆ ಹಸಿರು.

"ನೋಡು, ಅದೇ ಒಲೆ, ಅದೇ ಅಡಿಗೆ, ಅದೇ ಎಣ್ಣೆ," ಎಂದು ಹಾಲೇಶಪ್ಪ ಹೆಂಡತಿಯ ಕೈಯನ್ನೇ ದಿಟ್ಟಿಸಿದ. "ನಿನಗ್ಯಾಕೆ ಹಸಿರು, ನನಗ್ಯಾಕೆ ಕೆಂಪು?"

"ಮನಸ್ಸು ಚೆಂದ ಇರ್ಬೇಕು ರೀ," ಎಂದಳು ಕೊಟ್ರಮ್ಮ.

ಅವಳಿಗೆ ಐವತ್ತು ದಾಟಿತ್ತು. ಯೌವನವೆಲ್ಲ ಬಸ್ ಕಂಡಕ್ಟರಾಗಿ ಕಳೆದಿದ್ದಳು. ಬಸ್ಸುಗಳು ತಾವೇ ಟಿಕೆಟ್ ಕೊಡುವುದನ್ನು ಕಲಿತ ಮೇಲೆ ಮನೆಗೆ ಬಂದಿದ್ದಳು. ಬಸ್ಸು ಬಿಟ್ಟಿದ್ದರೂ ಬಸ್ಸಿನ ದನಿ ಅವಳನ್ನು ಬಿಟ್ಟಿರಲಿಲ್ಲ. ಅಡಿಗೆಮನೆಯಿಂದ "ಊಟಕ್ಕೆ ಬರ್ರೀ" ಎಂದರೆ ಎದುರು ಸಾಲಿನ ಮನೆಯವರೂ ಕೈ ತೊಳೆದುಕೊಳ್ಳುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನಿಗಿಂತ ತಾನು ಮೇಲು ಎಂದು ಯಾವುದಾದರೂ ಯಂತ್ರ ಒಪ್ಪಿದ್ದು ಇದೇ ಮೊದಲು. ಅವಳು ಬಳೆಯನ್ನು ಸೆರಗಿನ ತುದಿಯಿಂದ ಒರೆಸಿ ಒರೆಸಿ ಇಟ್ಟುಕೊಂಡಳು.

ಭಾನುವಾರ ಬಂತೆಂದರೆ ಗಂಡ ಹೆಂಡತಿ ಪಂಪಣ್ಣನ ಹೋಟೆಲಿಗೆ ಹೊರಡುತ್ತಿದ್ದರು. ಕೊಟ್ರಮ್ಮ ಬಳೆ ತೋರಿಸಿ ಬೆಣ್ಣೆ ದೋಸೆ ಹೇಳುವಳು. ಹಾಲೇಶಪ್ಪ ಬಳೆ ತೋರಿಸಿ ಒಣ ದೋಸೆ ಹೇಳುವನು. ತಟ್ಟೆಗಳು ಬಂದ ಮೇಲೆ ಕೊಟ್ರಮ್ಮ ಕಿಟಕಿಯ ಆಚೆ ನೋಡಿ, "ಅಲ್ನೋಡ್ರಿ, ಎಷ್ಟು ದೊಡ್ಡ ಮೋಡ," ಎನ್ನುವಳು. ಆ ಮೋಡ ಸರಿಯುವಷ್ಟರಲ್ಲಿ ತಟ್ಟೆಗಳೂ ಸರಿದಿರುತ್ತಿದ್ದವು. ಪಂಪಣ್ಣ ಎಲ್ಲ ಕಂಡೂ ಗಲ್ಲಾದ ಮೇಲಿನ ದೇವರ ಪಟ ಒರೆಸುತ್ತ ನಿಲ್ಲುತ್ತಿದ್ದ. ಅವನ ಬಳೆಯೂ ಕೆಂಪು. ತನ್ನ ಹೋಟೆಲಿನ ದೋಸೆಯನ್ನೇ ಕದ್ದು ತಿನ್ನಬೇಕಾದ ಮನುಷ್ಯ ಇನ್ನೊಬ್ಬರಿಗೆ ಏನು ಹೇಳಿಯಾನು?

ಸುದ್ದಿ ಬಡಾವಣೆಯಲ್ಲಿ ಹರಡಿತು. "ಕೊಟ್ರಮ್ಮಕ್ಕ, ನಮಗೂ ಹೋಟ್ಲಾಗೆ ಒಂದೀಟು ಕೈ ತೋರಿಸಿ ಬರ್ರಿ" ಎಂದು ಅಕ್ಕಪಕ್ಕದವರು ಬರತೊಡಗಿದರು. ಬ್ಯಾಂಕಿನ ನಿವೃತ್ತ ಮ್ಯಾನೇಜರು ಬಂದರು. ಮದುವೆಗೆ ಮುಂಚೆ ಕೊನೆಯ ದೋಸೆ ತಿನ್ನಬೇಕೆಂದು ಒಬ್ಬ ಮದುಮಗನೂ ಬಂದ.

ಇಷ್ಟೆಲ್ಲ ಮರ್ಯಾದೆಯ ಆ ಕೈ ಬೆಳಗಿನ ಹೊತ್ತು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಎದ್ದಾಗ ಬೆರಳುಗಳು ಯಾರೋ ಅಂಟು ಹಚ್ಚಿ ಒಣಗಿಸಿದಂತೆ ಇರುತ್ತಿದ್ದವು. ಹಾಲಿನ ಪಾಕೀಟು ಹರಿಯಲು ಹಲ್ಲು ಬೇಕು, ನಲ್ಲಿ ತಿರುಗಿಸಲು ಮೊಣಕೈ ಬೇಕು, ರವಿಕೆಯ ಹುಕ್ಕು ಹಾಕಲು ಹಾಲೇಶಪ್ಪ ಬೇಕು. ಬಿಸಿಲು ಮಹಡಿಗೆ ಏರುವ ಹೊತ್ತಿಗೆ ಬೆರಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ಬಸ್ಸಿನ ಕಂಬಿ ಹಿಡಿದು ಹಿಡಿದು ಹೀಗಾಗಿದೆ ಎಂದು ಅವಳು ತೀರ್ಮಾನಿಸಿದ್ದಳು. ನೋವು ಜಾಸ್ತಿಯಾದರೆ ಔಷಧಿ ಅಂಗಡಿಯ ಬಿಳಿ ಮಾತ್ರೆ ನುಂಗುತ್ತಿದ್ದಳು.

ಒಂದು ಸಲ ಮಾತ್ರ ಮಂಡಳಿಯ ಚಿಕಿತ್ಸಾಲಯಕ್ಕೆ ಹೋಗಿದ್ದಳು. ಬಾಗಿಲಲ್ಲೇ ಯಂತ್ರ ಅವಳ ಬಳೆ ನೋಡಿ ಇಂಪಾದ ದನಿಯಲ್ಲಿ, "ಅಭಿನಂದನೆಗಳು. ನಿಮ್ಮ ಆರೋಗ್ಯ ಅತ್ಯುತ್ತಮವಾಗಿದೆ. ಹಸಿರಿನವರು ವೈದ್ಯರ ಸಮಯ ತೆಗೆದುಕೊಳ್ಳಬಾರದಾಗಿ ವಿನಂತಿ," ಎಂದಿತು.

"ಕೈ ನೋವು ಮಾರಾಯಾ," ಎಂದಳು ಕೊಟ್ರಮ್ಮ.

"ಅಭಿನಂದನೆಗಳು," ಎಂದಿತು ಯಂತ್ರ.

ಇದಾದ ಕೆಲವು ತಿಂಗಳಿಗೆ ಮಂಡಳಿಯ ಮುರಿಗೆಪ್ಪ ಮನೆಗೇ ಬಂದರು. ಮುರಿಗೆಪ್ಪ ಎಂದರೆ ನಿಯಂತ್ರಣ ಕೊಠಡಿಯ ಮುಖ್ಯಸ್ಥರು. ಊರಿನ ಬಳೆಗಳೆಲ್ಲ ಅವರ ಕಣ್ಣೆದುರೇ ಮಿನುಗುತ್ತಿದ್ದವು. ಆ ವರ್ಷ ದೆಹಲಿಯವರು ದೇಶದ ಅತಿ ಆರೋಗ್ಯವಂತ ಹೃದಯದ ನಗರಕ್ಕೆ ಪ್ರಶಸ್ತಿ ಕೊಡುವವರಿದ್ದರು. ಹುಬ್ಬಳ್ಳಿಯವರು ಆಗಲೇ ಮುಂದಿದ್ದಾರೆ ಎಂಬ ಸುದ್ದಿ ಮುರಿಗೆಪ್ಪನವರ ನಿದ್ದೆ ಕೆಡಿಸಿತ್ತು.

"ಕೊಟ್ರಮ್ನೋರೇ, ಇಡೀ ಊರಲ್ಲಿ ನಿಮ್ಮಷ್ಟು ಹಸಿರು ಇನ್ನೊಬ್ರಿಲ್ಲ. ನಿಮ್ಮ ಫೋಟೋ ಬಸ್ಸಿಗೆ ಹಾಕ್ತೀವಿ," ಎಂದರು.

ಬಸ್ಸು ಎಂದ ಕೂಡಲೇ ಕೊಟ್ರಮ್ಮನ ಕಣ್ಣು ಅರಳಿತು. ಯಾವ ಬಸ್ಸುಗಳು ಅವಳನ್ನು ಇಳಿಸಿ ಹೋಗಿದ್ದವೋ ಅದೇ ಬಸ್ಸುಗಳ ಬೆನ್ನ ಮೇಲೆ, ಕೈ ಎತ್ತಿ ಬಳೆ ತೋರಿಸುತ್ತ ನಗುವ ಕೊಟ್ರಮ್ಮ ಊರೆಲ್ಲ ಸುತ್ತತೊಡಗಿದಳು. ಕೆಳಗೆ ದಪ್ಪ ಅಕ್ಷರದಲ್ಲಿ 'ಇವರ ಹೃದಯದಂತೆ ನಿಮ್ಮ ಹೃದಯ' ಎಂದು ಬರೆದಿತ್ತು.

ಹೆಸರು ಬಂದ ಮೇಲೆ ಜನ ಗುಟ್ಟು ಕೇಳದೆ ಬಿಡುತ್ತಾರೆಯೇ? ಮಹಿಳಾ ಸಮಾಜದ ಸಭೆಯಲ್ಲಿ ಒಬ್ಬಾಕೆ ಎದ್ದು ನಿಂತು, "ಏನ್ ತಿಂತೀರಿ ಹೇಳ್ರಿ" ಎಂದಳು. ಕೊಟ್ರಮ್ಮ ತಿನ್ನುತ್ತಿದ್ದದ್ದು ಎಲ್ಲರೂ ತಿನ್ನುವುದನ್ನೇ. ಆದರೆ ಮೈಕು ಕೈಯಲ್ಲಿದ್ದಾಗ ಹಾಗೆ ಹೇಳಿ ಕೂರಲು ಮನಸ್ಸು ಬರಲಿಲ್ಲ. "ಅಗಸೆ ಪುಡಿ," ಎಂದಳು. "ಬೆಳಿಗ್ಗೆ ಬರೇ ಹೊಟ್ಟೆಗೆ, ಬಿಸಿನೀರಾಗೆ, ಹಿಡಿ ತುಂಬ." ಮರುದಿನದಿಂದ ಊರಿನ ಅಂಗಡಿಗಳಲ್ಲಿ ಅಗಸೆ ಸಿಗಲಿಲ್ಲ. ಅದರ ಮರುದಿನದಿಂದ ಬಡಾವಣೆಯ ಒಂದು ಶೌಚಾಲಯಕ್ಕೂ ಬಿಡುವು ಸಿಗಲಿಲ್ಲ.

ಮಂಡಳಿಯ ನಿಯಂತ್ರಣ ಕೊಠಡಿಯಲ್ಲೇ ಅವಳಿಗೆ ಸನ್ಮಾನ ಇಟ್ಟುಕೊಂಡರು. ತಣ್ಣನೆಯ ದೊಡ್ಡ ಕೋಣೆ. ಒಂದು ಗೋಡೆಯ ತುಂಬ ದಾವಣಗೆರೆಯ ನಕ್ಷೆ. ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಮೂರು ಬಣ್ಣದ ಚುಕ್ಕಿಗಳು. ಒಂದೊಂದು ಚುಕ್ಕಿ ಒಬ್ಬೊಬ್ಬ ಮನುಷ್ಯ. ದೋಸೆ ಹೋಟೆಲುಗಳಿರುವ ಕಡೆ ನಕ್ಷೆಗೆ ದಡಾರ ಎದ್ದಂತೆ ಕಾಣುತ್ತಿತ್ತು. ಮುರಿಗೆಪ್ಪ ಕೋಲು ಚಾಚಿ ಒಂದು ಹಸಿರು ಚುಕ್ಕಿ ತೋರಿಸಿದರು. "ಇದು ನೀವು."

ಕೊಟ್ರಮ್ಮ ತನ್ನನ್ನು ತಾನು ಅಷ್ಟು ಎತ್ತರದಲ್ಲಿ ನೋಡಿ, ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ, ಮಾಡಿಯೇಬಿಟ್ಟಳು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಂಡಳಿಯ ಸದಸ್ಯರು ಸಾಲಾಗಿ ಬಂದು ಕೈಮುಗಿದರು. ಕೊನೆಯ ಕುರ್ಚಿಯಲ್ಲಿದ್ದ ಡಾಕ್ಟರ್ ಮೆಹರುನ್ನಿಸಾ ಮಾತ್ರ ಕೈ ಕುಲುಕಿದರು. ಅವರು ಹೃದಯದ ಡಾಕ್ಟರಲ್ಲ, ಕೀಲುಗಳ ಡಾಕ್ಟರು. ಬೇರೆ ವಿಭಾಗದ ಒಬ್ಬರಾದರೂ ಇರಲೇಬೇಕು ಎಂಬ ನಿಯಮಕ್ಕಾಗಿ ಅವರನ್ನು ಮಂಡಳಿಗೆ ಸೇರಿಸಿಕೊಂಡಿದ್ದರು. ಸಭೆಗಳಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

"ಅಯ್ಯಯ್ಯಪ್ಪೋ! ಬಿಡ್ರೀ, ಬಿಡ್ರೀ!" ಎಂದು ಕೊಟ್ರಮ್ಮ ಬಸ್ಸು ನಿಲ್ಲಿಸುವ ದನಿಯಲ್ಲಿ ಕೂಗಿದಳು. ಯಂತ್ರಗಳ ಮುಂದೆ ಕೂತಿದ್ದವರೆಲ್ಲ ತಿರುಗಿದರು.

ಡಾಕ್ಟರು ಕೈ ಬಿಡಲಿಲ್ಲ. ಹಿಡಿತವನ್ನು ಮಾತ್ರ ಹಗುರ ಮಾಡಿ, ಗೆಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿದರು. "ಇವು ಊದಿಕೊಂಡು ಎಷ್ಟು ದಿನ ಆಯ್ತಮ್ಮ?"

"ಬಾಳ ದಿನ ಆತು ರೀ. ಬಸ್ಸಿನ ಕಂಬಿ ಹಿಡ್ದು ಹಿಡ್ದು ಹಿಂಗಾಗೈತೆ."

"ಎರಡೂ ಕೈಲಿ ಕಂಬಿ ಹಿಡೀತಿದ್ರಾ?"

"ಒಂದ್ರಾಗೆ ಕಂಬಿ, ಒಂದ್ರಾಗೆ ಟಿಕೆಟ್ಟು."

"ಮತ್ತೆ ಎರಡೂ ಒಂದೇ ಥರ ಊದ್ಯಾವಲ್ಲ?"

ಕೊಟ್ರಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ಮೊದಲ ಸಲ ನೋಡುವವಳಂತೆ ನೋಡಿದಳು. ಹೌದಲ್ಲ ಎನಿಸಿತು.

"ಬೆಳಿಗ್ಗೆ ಎದ್ದಾಗ ಹೆಂಗಿರ್ತೈತೆ?"

"ಬೆಳಿಗ್ಗೆ ಬೆರಳೇ ನನ್ನವಲ್ಲ ಬಿಡ್ರಿ. ಬಿಸಿಲು ಏರೋವರ್ಗೂ ಮುಷ್ಟಿ ಕಟ್ಟಾಕೆ ಬರಲ್ಲ."

"ನಾಳೆ ಆಸ್ಪತ್ರೆಗೆ ಬರ್ರಿ," ಎಂದರು ಡಾಕ್ಟರು. "ನಿಮ್ಮ ಹಸಿರು ಯಾಕೋ ನನಗೆ ಸರಿ ಕಾಣ್ತಿಲ್ಲ."

ಹಾರ ಹಾಕಿಸಿಕೊಂಡು ನಿಂತ ಹೆಂಗಸಿಗೆ ಹೇಳುವ ಮಾತೇ ಇದು ಎಂದು ಕೊಟ್ರಮ್ಮನಿಗೆ ಸಿಟ್ಟು ಬಂತು. ಆದರೂ ಮರುದಿನ ಹೋದಳು. ಅಲ್ಲೂ ಬಾಗಿಲ ಯಂತ್ರ ಅಭಿನಂದನೆ ಹೇಳತೊಡಗಿದಾಗ ಡಾಕ್ಟರೇ ಬಂದು ಅದರ ಕಣ್ಣಿಗೆ ಒಂದು ಕರವಸ್ತ್ರ ಮುಚ್ಚಿ ಅವಳನ್ನು ಒಳಗೆ ಕರೆದುಕೊಂಡರು. ರಕ್ತ ತೆಗೆದರು. ಕೈಗಳ ಎಕ್ಸ್‌ರೇ ತೆಗೆದರು. ಕತ್ತಿನ ಎರಡೂ ಬದಿಗೆ ತಣ್ಣನೆಯ ಜೆಲ್ಲಿ ಹಚ್ಚಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಕತ್ತಿನ ರಕ್ತನಾಳ ಕಾಣಿಸಿತು; ಅದರ ಒಳಗೋಡೆಯಲ್ಲಿ ಅಲ್ಲಲ್ಲಿ ಸುಣ್ಣ ಎದ್ದ ಗೋಡೆಯಂತೆ ಉಬ್ಬುಗಳು.

"ನಿಮಗಿರೋದು ರುಮಟಾಯ್ಡ್ ಆರ್ಥ್ರೈಟಿಸ್. ಒಂದು ಬಗೆ ಸಂಧಿವಾತ," ಎಂದರು ಡಾಕ್ಟರು. "ಮೈ ಕಾಯ್ಬೇಕಾದ ಪಡೆನೇ ದಿಕ್ಕು ತಪ್ಪಿ ಕೀಲುಗಳ ಮೇಲೆ ಬಿದ್ದೈತೆ. ಅದರಿಂದ ಉರಿಯೂತ. ಆ ಉರಿ ಕೀಲಲ್ಲೇ ಇರಲ್ಲ, ರಕ್ತನಾಳಕ್ಕೂ ಹೋಗುತ್ತೆ."

"ರಕ್ತ ಚೊಕ್ಕ ಐತಲ್ರೀ ನಂದು? ಬಳೆನೇ ಹೇಳ್ತೈತೆ."

"ಸೀಮೆಎಣ್ಣೆ ಒಲೇಲಿ ಉರಿ ಜೋರಾದ್ರೆ ಡಬ್ಬಿಯಲ್ಲಿನ ಎಣ್ಣೆ ಬೇಗ ಖಾಲಿ ಆಗುತ್ತಲ್ಲ? ಹಂಗೆ. ಉರಿಯೂತ ಜಾಸ್ತಿ ಇದ್ದಾಗ ರಕ್ತದಲ್ಲಿ ಕೊಲೆಸ್ಟ್ರಾಲ್ ಕಮ್ಮಿ ಕಾಣಿಸುತ್ತೆ. ಒಳ್ಳೇ ಕೊಲೆಸ್ಟ್ರಾಲ್ ಅಂತಾರಲ್ಲ, ನಾಳದ ಕಸ ಗುಡಿಸೋದು, ಅದೂ ಕಮ್ಮಿ ಆಗುತ್ತೆ. ಉಳಿದಿದ್ದೂ ಕೆಲಸ ಸರಿಯಾಗಿ ಮಾಡಲ್ಲ. ಬಳೆ ಡಬ್ಬಿ ನೋಡಿ ಚೊಕ್ಕ ಅಂತೈತೆ. ಮನೆ ಸುಡ್ತಿರೋದು ಅದಕ್ಕೆ ಕಾಣಲ್ಲ."

ಕೊಟ್ರಮ್ಮ ಬಳೆಯನ್ನು ತಿರುಗಿಸಿ ನೋಡಿದಳು. "ಮಾತ್ರೆ ಇದಾವ್ರಾ?"

"ಇದಾವೆ. ವಾರಕ್ಕೊಮ್ಮೆ ತಗಳೋವು. ನೋವಿಗೆ ಅಂಗಡಿಯಿಂದ ತಗಂತೀನಿ ಅಂದ್ರಲ್ಲ, ಆ ಬಿಳಿ ಮಾತ್ರೆ ಮಾತ್ರ ಇವತ್ತೇ ನಿಲ್ಲಿಸ್ರಿ, ಅದು ಹೃದಯಕ್ಕೆ ಇನ್ನೂ ಕೆಟ್ಟದ್ದು. ಉರಿ ಆರಿದ್ರೆ ಕೈ ಸಡಿಲ ಆಗುತ್ತೆ, ಹೃದಯಕ್ಕೂ ಒಳ್ಳೇದು. ಆದ್ರೆ ಒಂದು ಮಾತು. ಉರಿ ಆರಿದ ಮೇಲೆ ಕೊಲೆಸ್ಟ್ರಾಲ್ ತನ್ನ ನಿಜವಾದ ಮಟ್ಟಕ್ಕೆ ಬರುತ್ತೆ. ಬಳೆ ಹಳದಿ ಆಗ್ಬಹುದು. ಕೆಂಪೂ ಆಗ್ಬಹುದು. ಅದಕ್ಕೂ ಬೇರೆ ಮಾತ್ರೆ ಕೊಡ್ತೀನಿ."

"ಕಾಯ್ಲೆ ಇದ್ದಾಗ ಹಸಿರು, ವಾಸಿ ಆದ್ರೆ ಕೆಂಪಾ?"

"ಹೂಂ."

"ಇದ್ಯಾವ ನ್ಯಾಯ ರೀ?"

"ನಾನೂ ಮಂಡಳಿಯೋರಿಗೆ ಅದನ್ನೇ ಕೇಳ್ಬೇಕು ಅಂತಿದೀನಿ," ಎಂದರು ಡಾಕ್ಟರು. "ಅವರು ನನಗೆ ಮೈಕು ಕೊಡಲ್ಲ."

ಆಸ್ಪತ್ರೆಯಿಂದ ಮಾತ್ರೆ ತಂದಳು. ತಂದು ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು. ಗಂಡನಿಗೆ, "ಕೈಗೆ ಏನೋ ಮಾತ್ರೆ ಕೊಟ್ಟವ್ರೆ" ಎಂದಷ್ಟೇ ಹೇಳಿದಳು. ಕತ್ತಿನ ಸ್ಕ್ಯಾನಿನ ಸುದ್ದಿ ನುಂಗಿಕೊಂಡಳು. ಅಂದು ಸಂಜೆಯೇ ಮುರಿಗೆಪ್ಪ ಓಡಿ ಬಂದರು. ಡಾಕ್ಟರು ಅವರಿಗೂ ಎಲ್ಲ ವಿವರಿಸಿದ್ದರು.

"ತಾಯೀ, ಮಾತ್ರೆ ಬ್ಯಾಡ ಅನ್ನಲ್ಲ. ನನ್ನ ನಾಲಿಗೆ ಬಿದ್ದು ಹೋಗ್ಲಿ. ದೆಹಲಿಯೋರು ಬಂದು ಹೋಗೋವರ್ಗೆ ತಡೀರಿ. ಬಸ್ಸಿನ ಮೇಲಿರೋ ಹೆಂಗಸು ಹಳದಿ ಆದ್ರೆ ಹುಬ್ಬಳ್ಳಿಯೋರು ನಗ್ತಾರೆ."

ಅವರೊಬ್ಬರೇ ಕೇಳಿದ್ದರೆ ಕೊಟ್ರಮ್ಮ ಒಪ್ಪುತ್ತಿರಲಿಲ್ಲವೇನೋ. ಆದರೆ ಅವಳ ಒಳಗೂ ಒಬ್ಬಳು ಅದನ್ನೇ ಬೇಡುತ್ತಿದ್ದಳು. ಬೀದಿಯಲ್ಲಿ ಹೋಗುವಾಗ ತನ್ನ ಮುಖ ಹೊತ್ತ ಬಸ್ಸು ಎದುರಾಗುವುದು, ಜನ ಬಸ್ಸನ್ನೂ ಅವಳನ್ನೂ ನೋಡಿ ಪಿಸುಗುಡುವುದು, ಅಂಗಡಿಯವರು "ಹಸಿರಮ್ಮ" ಎಂದು ಕೂರಲು ಸ್ಟೂಲು ಕೊಡುವುದು, ಇದನ್ನೆಲ್ಲ ಬಿಡುವುದು ಸುಲಭವಿರಲಿಲ್ಲ. ಇನ್ನು ಭಾನುವಾರದ ಹಾಲೇಶಪ್ಪನ ಮುಖ ಬೇರೆ. ಆಯಿತು ಎಂದಳು. ಬಿಳಿ ಮಾತ್ರೆಯನ್ನೂ ಬಿಡಲಿಲ್ಲ.

ದೆಹಲಿಯ ಸಮಿತಿ ಬಂದ ದಿನ ಪಂಪಣ್ಣನ ಹೋಟೆಲಿಗೆ ಮಾವಿನ ತೋರಣ ಕಟ್ಟಿದ್ದರು. ಗಣ್ಯರಿಗೆ ತೊಂದರೆಯಾಗಬಾರದೆಂದು ಪೊಲೀಸರು ಆ ರಸ್ತೆಗೆ ಆಟೋ, ಕಾರು ಏನನ್ನೂ ಬಿಟ್ಟಿರಲಿಲ್ಲ. ಸಮಿತಿಯ ಮೂವರು ಕೂತರು. ಮುರಿಗೆಪ್ಪ ಬೆವರುತ್ತ ಹಿಂದಿಯಲ್ಲಿ ವಿವರಿಸಿದರು. ಕೊಟ್ರಮ್ಮ ರೇಷ್ಮೆ ಸೀರೆ ಉಟ್ಟು, ಬಳೆಯನ್ನು ಯಂತ್ರದ ಕಣ್ಣಿಗೆ ತೋರಿಸಿದಳು. ಹೋಟೆಲೆಲ್ಲ ಹಸಿರು ಬೆಳಕು. ಚಪ್ಪಾಳೆ ಬಿತ್ತು. ಬೆಣ್ಣೆಯ ದೊಡ್ಡ ಗುಡ್ಡೆ ಹೊತ್ತ ದೋಸೆ ಬಂತು.

ಅವಳಿಗೆ ದವಡೆ ನೋಯುತ್ತಿತ್ತು. ಬೆಳಗಿನಿಂದಲೂ ನೋಯುತ್ತಿತ್ತು, ಹಲ್ಲಿನ ನೋವು ಎಂದುಕೊಂಡಿದ್ದಳು. ಈಗ ಅದು ಕತ್ತಿಗಿಳಿಯಿತು, ಭುಜಕ್ಕಿಳಿಯಿತು. ಹೊಟ್ಟೆ ತೊಳೆಸಿತು. ಊರಿಗೆಲ್ಲ ಅಗಸೆ ತಿನ್ನಿಸಿದ ಶಾಪ ತಟ್ಟಿತೇ ಎಂದುಕೊಂಡಳು. ಮೈಯಿಂದ ತಣ್ಣನೆ ಬೆವರು ಹರಿದು ರೇಷ್ಮೆ ಸೀರೆ ಬೆನ್ನಿಗೆ ಅಂಟಿತು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು.

"ರೀ," ಎಂದಳು. ಎಂದೂ ಕೇಳದಷ್ಟು ಸಣ್ಣ ದನಿ. ಆ ದನಿಗೇ ಹಾಲೇಶಪ್ಪ ಹೆದರಿ ಕುರ್ಚಿ ಬಿಟ್ಟೆದ್ದ. "ಎದೆ ಒತ್ತಿ ಬರ್ತೈತೆ. ಡಾಕ್ಟ್ರಮ್ಮ ಹೇಳಿದ್ರು. ನಾನೇ ಮಾತ್ರೆ ತಗಳ್ಲಿಲ್ಲ."

ಹಾಲೇಶಪ್ಪ ಅವಳ ಬಳೆಯ ತುರ್ತು ಗುಂಡಿ ಒತ್ತಿದ. ಬಳೆ ಇಂಪಾಗಿ ಮಾತಾಡಿತು: "ನಮಸ್ಕಾರ. ನಿಮ್ಮ ಬಳೆ ಹಸಿರಾಗಿದೆ. ನಿಮ್ಮ ಹೃದಯ ಸುರಕ್ಷಿತ. ಇದು ಗ್ಯಾಸ್ ಇರಬಹುದು. ಜೀರಿಗೆ ನೀರು ಕುಡಿಯಿರಿ. ಶುಭದಿನ."

"ನಿನ್ ಶುಭದಿನಕ್ಕೆ ಬೆಂಕಿ ಬೀಳ!" ಎಂದ ಹಾಲೇಶಪ್ಪ. ಮತ್ತೆ ಒತ್ತಿದ. ಮತ್ತೆ ಜೀರಿಗೆ ನೀರು. ಪಂಪಣ್ಣ ಆಟೋಗೆ ಓಡಿ ಬರಿಗೈಲಿ ವಾಪಸು ಬಂದ.

ಆಗ ಹಾಲೇಶಪ್ಪ ತನ್ನ ಕೆಂಪು ಬಳೆಯನ್ನು ನೋಡಿಕೊಂಡ. ಮರುಕ್ಷಣ ಎದೆ ಹಿಡಿದು, "ಅಯ್ಯೋ ಸತ್ತೇ!" ಎಂದು ಕೂಗಿ, ಸಮಿತಿಯವರ ಕಾಲ ಬುಡದಲ್ಲಿ ದಬಕ್ಕನೆ ಬಿದ್ದ. ಬೀಳುವಾಗ ಒಂದು ಸಾಂಬಾರ್ ಬಟ್ಟಲನ್ನೂ ಬೀಳಿಸಿದ. ಬಿದ್ದಲ್ಲಿಂದಲೇ ತನ್ನ ಗುಂಡಿ ಒತ್ತಿದ. ಕೆಂಪಿನವರಿಗೆ ಪ್ರಶ್ನೆಯೇ ಇರಲಿಲ್ಲ. "ಆಂಬುಲೆನ್ಸ್ ಹೊರಟಿದೆ, ಧೈರ್ಯವಾಗಿರಿ," ಎಂದಿತು ಅವನ ಬಳೆ. ಸಮಿತಿಯವರು ಇದೂ ಪ್ರಾತ್ಯಕ್ಷಿಕೆಯ ಭಾಗವೆಂದು ತಿಳಿದು ಗಡಿಯಾರ ನೋಡಿಕೊಂಡರು.

ಚಾಲಕನಿಲ್ಲದ ಆಂಬುಲೆನ್ಸು ಪೊಲೀಸರ ಬೇಲಿ ಮುರಿದು ತೋರಣದ ಕೆಳಗೇ ಬಂದು ನಿಂತಿತು. ಅದರ ಯಂತ್ರದ ಸ್ಟ್ರೆಚರು ತಾನೇ ಇಳಿದು ಬಂತು. ಹಾಲೇಶಪ್ಪ ಚಂಗನೆ ಎದ್ದು ಹೆಂಡತಿಯನ್ನು ಎತ್ತಿ ಅದರ ಮೇಲೆ ಮಲಗಿಸಿದ. ಸ್ಟ್ರೆಚರು ಅಲುಗಲಿಲ್ಲ. "ಈ ವ್ಯಕ್ತಿ ಹಸಿರು. ದಯವಿಟ್ಟು ರೋಗಿಯನ್ನು ಮಲಗಿಸಿ," ಎಂದಿತು.

"ರೋಗಿನಾ? ತಗ, ರೋಗಿ!" ಎಂದು ಹಾಲೇಶಪ್ಪ ತಾನೂ ಹತ್ತಿ ಹೆಂಡತಿಯ ಪಕ್ಕದಲ್ಲಿ ಮಲಗಿಬಿಟ್ಟ. ಜಾಗ ಸಾಲದು. ಅವಳನ್ನು ಎರಡೂ ಕೈಯಿಂದ ತಬ್ಬಿ ಎದೆಗೆ ಒತ್ತಿಕೊಂಡು, ಕೆಂಪು ಬಳೆಯ ಕೈಯನ್ನು ಸ್ಟ್ರೆಚರಿನ ಕಣ್ಣಿಗೆ ಹಿಡಿದ. ಸ್ಟ್ರೆಚರು ತೃಪ್ತಿಯಿಂದ ಗುಂಯ್ಯೆಂದು ಹೊರಟಿತು. ಅರ್ಧ ಊರು ನೋಡುತ್ತಿತ್ತು. ಬ್ಯಾಂಕಿನ ನಿವೃತ್ತ ಮ್ಯಾನೇಜರು ಮುಖ ತಿರುಗಿಸಿಕೊಂಡರು.

"ನಾಚ್ಕೆ ಆಗಲ್ವೇನ್ರೀ," ಎಂದಳು ಕೊಟ್ರಮ್ಮ, ಉಸಿರು ಸಿಕ್ಕಷ್ಟರಲ್ಲಿ.

"ಮಾತಾಡಬ್ಯಾಡ. ಮಕ ನನ್ ಕಡೆ ಮಾಡ್ಕಂಡು ಉಸಿರಾಡು." ಅವನ ಎದೆ ಗಡಿಯಾರದ ಅಂಗಡಿಯಂತೆ ಬಡಿಯುತ್ತಿತ್ತು. ಅಂಗಿಯಿಂದ ಸಾಂಬಾರಿನ ವಾಸನೆ. ಅವನು ಅಳುತ್ತಿದ್ದಾನೆ ಎಂದು ಅವಳಿಗೆ ತಿಳಿದದ್ದು ತನ್ನ ಹಣೆ ಒದ್ದೆಯಾದಾಗ.

ದಾರಿಯಲ್ಲೇ ಅವನು ಅವಳ ಫೋನಿನಿಂದ ಡಾಕ್ಟರ್ ಮೆಹರುನ್ನಿಸಾಗೆ ಫೋನು ಮಾಡಿದ. ಆದರೂ ಆಸ್ಪತ್ರೆಯಲ್ಲಿ ಸಿಬ್ಬಂದಿ ಅವನ ಮೇಲೆಯೇ ಬಿದ್ದರು. ಅಂಗಿ ಬಿಚ್ಚಿ ಎದೆಗೆ ತಂತಿಗಳನ್ನು ಅಂಟಿಸಿದರು.

"ನನಗೇನೂ ಆಗಿಲ್ರೀ! ಇವಳಿಗೆ! ಇವಳಿಗೆ!"

"ಗಂಡಸ್ರೆಲ್ಲ ಹಿಂಗೇ ಹೇಳೋದು," ಎಂದು ನರ್ಸು ಅವನನ್ನು ಮತ್ತೆ ಒತ್ತಿ ಮಲಗಿಸಿದಳು.

ಅಷ್ಟರಲ್ಲಿ ಡಾಕ್ಟರು ಓಡಿ ಬಂದರು. ಹಾಲೇಶಪ್ಪನ ಎದೆಯಿಂದ ತಂತಿಗಳನ್ನು ಕಿತ್ತು ಕೊಟ್ರಮ್ಮನಿಗೆ ಅಂಟಿಸಿದರು. ಕಾಗದದ ಮೇಲೆ ಗೆರೆ ಎದ್ದು ಬಂದದ್ದನ್ನು ನೋಡಿದ ಮೇಲೆ ಯಾರೂ ಬಳೆಯ ಬಣ್ಣ ನೋಡಲಿಲ್ಲ. ಹೃದಯದ ಒಂದು ನಾಳ ಮುಚ್ಚಿಕೊಂಡಿತ್ತು. ಮಣಿಕಟ್ಟಿನ ಬಳಿ ಸಣ್ಣ ತೂತು ಮಾಡಿ, ತೆಳು ಕೊಳವೆ ತೂರಿಸಿ, ನಾಳ ತೆರೆದು ಸ್ಟೆಂಟು ಹಾಕಿದರು. ಅದಕ್ಕೆ ಬಳೆ ಅಡ್ಡ ಬರುತ್ತದೆಂದು ಕತ್ತರಿಸಿ ತೆಗೆದಾಗ, ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಊರಿನ ಅತಿ ಹಸಿರು ಚುಕ್ಕಿ ಆರಿತು. ಅಲ್ಲಿದ್ದವರು ಹೋಟೆಲಿಗೆ ಫೋನು ಮಾಡಿದರು. ವಿಷಯ ಕೇಳಿ ಮುರಿಗೆಪ್ಪ ಬೆಣ್ಣೆ ಇಟ್ಟಿದ್ದ ಕಟ್ಟೆಯ ಮೇಲೆಯೇ ಕೂತುಬಿಟ್ಟರು ಎಂದು ಪಂಪಣ್ಣ ಆಮೇಲೆ ಹೇಳಿದ.

ಪ್ರಶಸ್ತಿ ಹುಬ್ಬಳ್ಳಿಗೆ ಹೋಯಿತು. ದಾವಣಗೆರೆಗೆ ಆಂಬುಲೆನ್ಸಿನ ವೇಗಕ್ಕೆಂದು ವಿಶೇಷ ಬಹುಮಾನ ಬಂತು. ಹಾಲೇಶಪ್ಪನ ಅಭಿನಯವನ್ನು ಸಮಿತಿ ತನ್ನ ವರದಿಯಲ್ಲಿ ಪ್ರತ್ಯೇಕವಾಗಿ ಮೆಚ್ಚಿಕೊಂಡಿತ್ತು.

ಮನೆಗೆ ಬಂದ ಮೇಲೆ ಕೊಟ್ರಮ್ಮ ಮಾತ್ರೆ ತಪ್ಪಿಸಲಿಲ್ಲ. ತಪ್ಪಿಸಲು ಹಾಲೇಶಪ್ಪ ಬಿಡುತ್ತಲೂ ಇರಲಿಲ್ಲ. ಎದುರು ಕೂತು ಅವಳು ಬಾಯಿ ತೆರೆದು ನಾಲಿಗೆ ತೋರಿಸುವವರೆಗೂ ಏಳುತ್ತಿರಲಿಲ್ಲ. ಅವನೂ ಒಣ ದೋಸೆಗೆ ಬಗ್ಗಿದ. ಮೊದಲ ಭಾನುವಾರ ಅದನ್ನು ನೋಡಿ ನಿಟ್ಟುಸಿರು ಬಿಟ್ಟ, ಆಮೇಲೆ ಚಟ್ನಿಯಲ್ಲಿ ಗುಣ ಹುಡುಕಿದ. ಚಳಿಗಾಲ ಮುಗಿಯುವ ಹೊತ್ತಿಗೆ ಕೊಟ್ರಮ್ಮನ ಗೆಣ್ಣುಗಳ ಊತ ಇಳಿಯಿತು. ಒಂದು ಬೆಳಿಗ್ಗೆ ಎದ್ದವಳೇ ಯೋಚಿಸದೆ ರವಿಕೆಯ ಹುಕ್ಕು ತಾನೇ ಹಾಕಿಕೊಂಡಳು. ಹಾಕಿಕೊಂಡ ಮೇಲೆ ಏನು ಮಾಡಿದೆನೆಂದು ಹೊಳೆದು, ಎಲ್ಲ ಬಿಚ್ಚಿ ಗಂಡನನ್ನು ಎಬ್ಬಿಸಿ, ಅವನೆದುರು ಮತ್ತೊಮ್ಮೆ ಹಾಕಿ ತೋರಿಸಿದಳು.

ಅದೇ ತಿಂಗಳು ಅವಳ ಹೊಸ ಬಳೆ ಹಸಿರಿನಿಂದ ಹಳದಿಗೆ ಬಂತು, ಹಳದಿಯಿಂದ ಕೆಂಪಿಗೆ ಹೋಯಿತು. ಡಾಕ್ಟರ್ ಮೆಹರುನ್ನಿಸಾ ಫೋನು ಮಾಡಿ, "ಮುಬಾರಕ್ ಕೊಟ್ರಮ್ನೋರೇ, ಕೆಂಪಾಗೀರಿ!" ಎಂದರು. ಆ ಊರಲ್ಲಿ ಕೆಂಪಾದವರಿಗೆ ಯಾರಾದರೂ ಶುಭ ಕೋರಿದ್ದು ಅದೇ ಮೊದಲು. ಕೊಲೆಸ್ಟ್ರಾಲಿನ ಮಾತ್ರೆಯ ಅಳತೆ ಸ್ವಲ್ಪ ಏರಿಸಿದರು.

ಬಸ್ಸುಗಳಿಂದ ಅವಳ ಫೋಟೋ ಇಳಿಯಿತು. ಇಳಿಸಿದ ಮುರಿಗೆಪ್ಪ ಒಂದು ಸಂಜೆ ಮೂಸಂಬಿ ಹಿಡಿದುಕೊಂಡು ಬಂದು, ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಎಂದರೂ ಬಾರದೆ ಹೇಳಿದರು: "ತಾಯೀ, ಅವತ್ತು ನಾನು ಕೇಳಬಾರದ್ದು ಕೇಳಿದೆ."

"ನಾನೂ ಒಪ್ಪಬಾರದ್ದು ಒಪ್ಪಿದೆ," ಎಂದಳು ಕೊಟ್ರಮ್ಮ. "ಒಳಗೆ ಬರ್ರಿ, ಸೊಳ್ಳೆ ಬರ್ತಾವೆ."

ಮುರಿಗೆಪ್ಪ ಬಂದದ್ದು ಬರೀ ತಪ್ಪೊಪ್ಪಿಗೆಗಲ್ಲ. ಮಂಡಳಿ ಈಗ ಡಾಕ್ಟರ್ ಮೆಹರುನ್ನಿಸಾರ ಕೈಗೆ ಮೈಕು ಕೊಟ್ಟಿತ್ತು. ತೀರಾ ಹಸಿರಿರುವವರನ್ನೆಲ್ಲ ಫೋನು ಮಾಡಿ ವಿಚಾರಿಸಬೇಕು, ಕೀಲು ಬಿಗಿಯುವವರಿದ್ದರೆ ಕರೆಸಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಯಂತ್ರದಿಂದ ಫೋನು ಮಾಡಿಸಿದರೆ ಜನ ಇಟ್ಟುಬಿಡುತ್ತಿದ್ದರು. ಇಟ್ಟುಬಿಡಲು ಅವಕಾಶ ಕೊಡದ ದನಿ ಬೇಕಾಗಿತ್ತು.

ಹಾಗೆ ಕೊಟ್ರಮ್ಮ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕೆ ಕೂತಳು. ಮೊದಲ ದಿನ ಅವಳ ಪಾಲಿಗೆ ಬಂದ ಹಸಿರು ಚುಕ್ಕಿಗಳಲ್ಲಿ ಒಂದು ಹಳೇ ಗರಡಿಮನೆಯ ಉಸ್ತಾದ್ ದುರ್ಗಪ್ಪನದು. ಊರೆಲ್ಲ ಬಲ್ಲ ಪೈಲ್ವಾನ. ಈಗ ವಯಸ್ಸಾಗಿ ಹುಡುಗರಿಗೆ ಪಟ್ಟು ಕಲಿಸುತ್ತಿದ್ದ.

"ನಮಸ್ಕಾರ ದುರ್ಗಪ್ಪಣ್ಣ. ನಾನು ಹೃದಯರಕ್ಷಾ ಮಂಡಳಿಯಿಂದ ಕೊಟ್ರಮ್ಮ. ನಿಮ್ಮ ಬಳೆ ಹಸಿರಾಗೈತೆ, ಗಾಬರಿ ಆಗಬ್ಯಾಡ್ರಿ."

"ಹಸಿರಾದ್ರೆ ಯಾಕಮ್ಮ ಗಾಬರಿ?" ಎಂದಿತು ಗುಡುಗಿನಂಥ ದನಿ.

"ಅದನ್ನ ಆಮೇಲೆ ಹೇಳ್ತೀನಿ. ಬೆಳಿಗ್ಗೆ ಎದ್ದಾಗ ಬೆರಳು ಬಿಗೀತಾವ್ರಾ?"

"ನಾನ್ಯಾರು ಗೊತ್ತೇನಮ್ಮ ನಿನಗೆ? ಈ ಕೈಲಿ ಎಂಥೆಂಥವರ ಬೆನ್ನು ಮಣ್ಣಿಗೆ ಹಚ್ಚೀನಿ ಗೊತ್ತಾ?"

"ಗೊತ್ತಣ್ಣ. ಅದು ಸಾಯಂಕಾಲದ ಮಾತು. ನಾನು ಕೇಳಿದ್ದು ಬೆಳಿಗ್ಗೆದು."

ಫೋನು ಇಟ್ಟನೇನೋ ಎಂದುಕೊಂಡಳು. ದೂರದಲ್ಲೆಲ್ಲೋ ಕುಕ್ಕರು ಕೂಗಿತು. ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಅದೇ ದನಿ, ಗುಡುಗೆಲ್ಲ ಇಳಿದು, ಪಿಸುಗುಟ್ಟಿತು.

"ಯಾರಿಗೂ ಹೇಳಬ್ಯಾಡಮ್ಮ. ಲಂಗೋಟಿ ಕಟ್ಕಳಾಕೆ ಆಗ್ತಿಲ್ಲ. ಒಂದು ವರ್ಷಾತು. ನಮ್ಮಾಕಿನೇ ಕಟ್ಟಿ ಗರಡಿಗೆ ಕಳಿಸ್ತಾಳೆ."

ಕೊಟ್ರಮ್ಮನಿಗೆ ನಗು ಬಂತು. ನಗಲಿಲ್ಲ.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬರ್ರಿ ಅಣ್ಣ. ಲುಂಗಿ ಉಟ್ಕಂಡು ಬಂದ್ರೆ ಸಾಕು."

"ಡಾಕ್ಟ್ರು ಏನಂತಾರೋ..." ದೈತ್ಯನಂಥ ಆ ಮನುಷ್ಯ ತಡವರಿಸಿದ. "ನೀನೂ ಇರ್ತೀಯೇನಮ್ಮ ಅಲ್ಲಿ?"

"ಇರ್ತೀನಿ," ಎಂದಳು ಕೊಟ್ರಮ್ಮ. "ಗೇಟ್ ಹತ್ರಾನೇ ನಿಂತಿರ್ತೀನಿ, ಬರ್ರಿ."